ಪೇಪರ್ ಪ್ರಕಟವಾಯಿತು ಸರಿ, ಓದಿ ನೋಡಿದವರು ಯಾರು?

2025ರ ಫೆಬ್ರುವರಿಯಲ್ಲಿ ಯುಜಿಸಿ ಒಂದು ಪ್ರಕಟಣೆ ಹೊರಡಿಸಿತು. ಯಾವ ಜರ್ನಲ್‌ನಲ್ಲಿ ಬಂದ ಸಂಶೋಧನಾ ಲೇಖನ ಲೆಕ್ಕಕ್ಕೆ ಬರುತ್ತದೆ ಎಂದು ಹೇಳುತ್ತಿದ್ದ ‘ಯುಜಿಸಿ–ಕೇರ್’ ಪಟ್ಟಿ ಇನ್ನು ಮುಂದೆ ಇರುವುದಿಲ್ಲ ಎಂಬುದು ಅದರ ಸಾರ. 2024ರ ಅಕ್ಟೋಬರ್ 3ರ ಸಭೆಯಲ್ಲೇ ಈ ತೀರ್ಮಾನ ಆಗಿತ್ತು. ಒಳ್ಳೆಯ ಜರ್ನಲ್ ಯಾವುದು, ಕೆಟ್ಟದ್ದು ಯಾವುದು ಎಂಬುದನ್ನು ಇನ್ನು ಆಯಾ ವಿಶ್ವವಿದ್ಯಾಲಯ, ಕಾಲೇಜುಗಳೇ ನೋಡಿಕೊಳ್ಳಬೇಕು. ಯುಜಿಸಿ ಕೊಡುವುದು ಸಲಹೆಯ ರೂಪದ ಒಂದಷ್ಟು ಮಾನದಂಡಗಳನ್ನು ಮಾತ್ರ. ಪರೀಕ್ಷೆ, ಫಲಿತಾಂಶ, ನೇಮಕಾತಿಯ ಸುದ್ದಿಗಳ ನಡುವೆ ಇದು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ.

ಆದರೆ ಗಮನಿಸಬೇಕಾದವರು ಗಮನಿಸಿದ್ದಾರೆ. ಎಂ.ಎಸ್ಸಿ. ನರ್ಸಿಂಗ್ ಓದುತ್ತಿರುವ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಈಗ ವಾರಕ್ಕೆ ಒಂದಾದರೂ ಇಂಥ ಸಂದೇಶ ಬರುತ್ತದೆ: ‘ಇಂಟರ್‌ನ್ಯಾಷನಲ್ ಜರ್ನಲ್, ಪೀರ್ ರಿವ್ಯೂಡ್, 72 ಗಂಟೆಯಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ, ವಿದ್ಯಾರ್ಥಿಗಳಿಗೆ ರಿಯಾಯಿತಿ.’ ಸೀರೆ ಅಂಗಡಿಯ ಆಷಾಢದ ಜಾಹೀರಾತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಇದರಲ್ಲಿ ನನ್ನನ್ನು ಕಾಡುವುದು ‘72 ಗಂಟೆ’ ಮತ್ತು ‘ಪೀರ್ ರಿವ್ಯೂಡ್’ ಎಂಬ ಎರಡು ಮಾತುಗಳು ಅಕ್ಕಪಕ್ಕ ಕೂತಿರುವುದು. ಅವೆರಡೂ ಒಟ್ಟಿಗೆ ನಿಜವಾಗುವುದು ಬಹಳ ಕಷ್ಟ. ಏಕೆ ಎನ್ನುವುದಕ್ಕೆ ಪೀರ್ ರಿವ್ಯೂ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಅದಕ್ಕೆ ಮುಂಚೆ, ಈ ಸಂದೇಶಕ್ಕೆ ಗಿರಾಕಿಗಳು ಹುಟ್ಟುವುದು ಹೇಗೆ ಎಂಬುದನ್ನು ಹೇಳಿಬಿಡುತ್ತೇನೆ. ಯುಜಿಸಿಯ 2018ರ ನಿಯಮಗಳ ಪ್ರಕಾರ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನದ ಪಟ್ಟಿ ತಯಾರಿಸುವಾಗ ಒಂದೊಂದು ಪ್ರಕಟಿತ ಲೇಖನಕ್ಕೆ 2 ಅಂಕ, ಗರಿಷ್ಠ 10. ಐದು ಪೇಪರ್ ಇದ್ದರೆ ಹತ್ತೂ ಅಂಕ ಸಿಕ್ಕಂತೆ. ನ್ಯಾಕ್ ತಂಡ ಬರುತ್ತದೆ ಎಂದಾಗ ಕಾಲೇಜುಗಳೂ ಪೇಪರ್ ಎಣಿಸಲು ಕೂರುತ್ತವೆ. ನರ್ಸಿಂಗ್ ಕಾಲೇಜುಗಳ ನೇಮಕಾತಿಗೆ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮಗಳು ಬೇರೆಯೇ ಇವೆ. ಆದರೂ ಸಂದರ್ಶನದಲ್ಲಿ ‘ಪಬ್ಲಿಕೇಷನ್ ಎಷ್ಟಮ್ಮಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಎಷ್ಟು’ ಎಂದು ಕೇಳುವವರು ‘ಎಲ್ಲಿ’ ಎಂದು ಕೇಳುವುದು ಕಡಿಮೆ. ಅಂಗಡಿ ತೆರೆದಿರುವುದು ಆ ಜಾಗದಲ್ಲಿ.

ಈಗ ಒಳಗೆ ಹೋಗೋಣ. ಒಂದು ಸರಿಯಾದ ನರ್ಸಿಂಗ್ ಜರ್ನಲ್‌ಗೆ ನೀವು ಲೇಖನ ಕಳಿಸಿದಿರಿ ಎಂದುಕೊಳ್ಳಿ. ಮೊದಲು ಅದು ಸಂಪಾದಕರ ಮೇಜಿಗೆ ಬರುತ್ತದೆ. ವಿಷಯ ಈ ಜರ್ನಲ್‌ಗೆ ಹೊಂದುತ್ತದೆಯೇ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯೇ, ಬೇರೆಯವರ ಸಾಲುಗಳನ್ನು ನಕಲು ಮಾಡಲಾಗಿದೆಯೇ ಎಂದು ಸಾಫ್ಟ್‌ವೇರ್ ಸಹಾಯದಿಂದ ನೋಡುತ್ತಾರೆ. ಇಲ್ಲೇ ಎಷ್ಟೋ ಲೇಖನಗಳು ವಾಪಸ್ ಬರುತ್ತವೆ. ದಾಟಿದರೆ, ಅದೇ ವಿಷಯದಲ್ಲಿ ಕೆಲಸ ಮಾಡಿದ ಇಬ್ಬರು ಅಥವಾ ಮೂವರನ್ನು ಹುಡುಕಿ ಕಳಿಸುತ್ತಾರೆ. ಇವರೇ ರಿವ್ಯೂವರ್‌ಗಳು. ನರ್ಸಿಂಗ್ ಜರ್ನಲ್‌ಗಳಲ್ಲಿ ಹೆಚ್ಚಾಗಿ ಇರುವುದು ‘ಡಬಲ್ ಬ್ಲೈಂಡ್’ ಪದ್ಧತಿ: ಬರೆದವರು ಯಾರೆಂದು ಓದುವವರಿಗೆ ಗೊತ್ತಿಲ್ಲ, ಓದಿದವರು ಯಾರೆಂದು ಬರೆದವರಿಗೆ ಗೊತ್ತಿಲ್ಲ. ನಮ್ಮ ಉತ್ತರ ಪತ್ರಿಕೆಗೆ ಕೋಡ್ ನಂಬರ್ ಹಾಕಿ ವ್ಯಾಲ್ಯುಯೇಷನ್‌ಗೆ ಕಳಿಸುತ್ತಾರಲ್ಲ, ಹಾಗೆ. ಅದಕ್ಕೇ ಹೆಸರು, ಕಾಲೇಜು ಇರುವ ಪುಟವನ್ನು ಬೇರೆಯಾಗಿ ಕೇಳುತ್ತಾರೆ.

ಈ ರಿವ್ಯೂವರ್‌ಗಳಿಗೆ ಸಾಮಾನ್ಯವಾಗಿ ಒಂದು ರೂಪಾಯಿ ಸಂಭಾವನೆಯೂ ಇಲ್ಲ. ಅವರೂ ಎಲ್ಲೋ ಪಾಠ ಹೇಳುವವರು, ಕ್ಲಿನಿಕಲ್ ಪೋಸ್ಟಿಂಗ್ ನೋಡಿಕೊಳ್ಳುವವರು. ಎರಡರಿಂದ ನಾಲ್ಕು ವಾರದ ಗಡುವು ಕೊಟ್ಟಿರುತ್ತಾರೆ. ಎಷ್ಟೋ ಜನ ಆಗುವುದಿಲ್ಲ ಎನ್ನುತ್ತಾರೆ, ಆಗ ಇನ್ನೊಬ್ಬರನ್ನು ಹುಡುಕಬೇಕು. ಓದಿದವರು ಎರಡು ಬಗೆಯ ಟಿಪ್ಪಣಿ ಬರೆಯಬಹುದು: ಲೇಖಕರಿಗೆ ತೋರಿಸುವಂಥದ್ದು ಒಂದು, ಸಂಪಾದಕರಿಗೆ ಮಾತ್ರ ಇನ್ನೊಂದು. ಅಂತಿಮ ತೀರ್ಮಾನ ಸಂಪಾದಕರದು, ರಿವ್ಯೂವರ್‌ನದು ಶಿಫಾರಸು ಅಷ್ಟೇ. ಬಹಳ ಜನ ಇದನ್ನು ತಪ್ಪು ತಿಳಿದಿರುತ್ತಾರೆ. ಉತ್ತರ ನಾಲ್ಕು ತರ ಬರಬಹುದು: ಒಪ್ಪಿದ್ದೇವೆ, ಸಣ್ಣ ತಿದ್ದುಪಡಿ ಬೇಕು, ದೊಡ್ಡ ತಿದ್ದುಪಡಿ ಬೇಕು, ಬೇಡ. ಮೊದಲ ಸುತ್ತಿನಲ್ಲೇ ‘ಒಪ್ಪಿದ್ದೇವೆ’ ಎಂದು ಬರುವುದು ಅಪರೂಪ. ದೊಡ್ಡ ತಿದ್ದುಪಡಿ ಎಂದು ಬಂದರೆ ಅದು ಸೋಲಲ್ಲ, ಬಾಗಿಲು ತೆರೆದಿದೆ ಎಂದರ್ಥ. ಆಗ ಒಂದೊಂದು ಟಿಪ್ಪಣಿಗೂ ಉತ್ತರ ಬರೆದು, ಎಲ್ಲಿ ತಿದ್ದಿದ್ದೇವೆ ಎಂದು ಪುಟ ಸಂಖ್ಯೆ ಸಹಿತ ತೋರಿಸಿ ವಾಪಸ್ ಕಳಿಸಬೇಕು. ಒಪ್ಪದಿದ್ದರೆ ಏಕೆ ಒಪ್ಪುವುದಿಲ್ಲ ಎಂದೂ ಬರೆಯಬಹುದು. ಇಷ್ಟೆಲ್ಲ ಆಗುವಾಗ ಆರು ತಿಂಗಳು ಕಳೆದರೂ ಆಶ್ಚರ್ಯವಿಲ್ಲ. 72 ಗಂಟೆಯಲ್ಲಿ ರಿವ್ಯೂವರ್‌ನ ಒಪ್ಪಿಗೆಯ ಇಮೇಲ್ ಬಂದರೇ ಹೆಚ್ಚು.

ಟಿಪ್ಪಣಿಗಳಲ್ಲಿ ಏನಿರುತ್ತದೆ ಎಂಬುದೇ ನನ್ನ ಪ್ರಕಾರ ಮುಖ್ಯ ಸಂಗತಿ. ಕರ್ನಾಟಕದ ಯಾವುದೇ ನರ್ಸಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ ಡಿಸರ್ಟೇಷನ್ ಕಪಾಟು ತೆರೆದು ನೋಡಿ. ಶೀರ್ಷಿಕೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ: ‘ಆಯ್ದ ಆಸ್ಪತ್ರೆಗಳ ಸ್ಟಾಫ್ ನರ್ಸ್‌ಗಳಲ್ಲಿ ಇಂಥ ವಿಷಯದ ಬಗೆಗಿನ ಜ್ಞಾನದ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮಕಾರಿತ್ವ.’ ನಮ್ಮ ಭಾಷೆಯಲ್ಲಿ ಎಸ್‌ಟಿಪಿ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. ವಿಷಯ ಹಾಸಿಗೆ ಹುಣ್ಣು, ಅಂದರೆ ಬೆಡ್‌ಸೋರ್ ತಡೆಯುವುದು. 60 ಜನ ನರ್ಸ್‌ಗಳಿಗೆ 30 ಪ್ರಶ್ನೆಗಳ ಪರೀಕ್ಷೆ. ಸರಾಸರಿ 12 ಅಂಕ. 45 ನಿಮಿಷ ಪಾಠ. ಏಳನೇ ದಿನ ಅದೇ 30 ಪ್ರಶ್ನೆ. ಸರಾಸರಿ 21. ‘ಪಿ’ ಮೌಲ್ಯ 0.05ಕ್ಕಿಂತ ಕಡಿಮೆ, ಕಾರ್ಯಕ್ರಮ ಪರಿಣಾಮಕಾರಿ, ಧನ್ಯವಾದಗಳು. ವೈವಾದಲ್ಲಿ ಇದು ಪಾಸಾಗುತ್ತದೆ. ಏಕೆಂದರೆ ವೈವಾ ನೋಡುವುದು ವಿದ್ಯಾರ್ಥಿ ಸಂಶೋಧನೆಯ ಕ್ರಮ ಕಲಿತಿದ್ದಾಳೆಯೇ ಎಂದು.

ರಿವ್ಯೂವರ್ ನೋಡುವುದು ಬೇರೆ. ಪಾಠ ಕೇಳದ ಇನ್ನೊಂದು ಗುಂಪು ಎಲ್ಲಿ? ಅದೇ ಪ್ರಶ್ನೆಪತ್ರಿಕೆಯನ್ನು ವಾರದೊಳಗೆ ಎರಡನೇ ಸಲ ನೋಡಿದವರು ಪಾಠವಿಲ್ಲದೆಯೂ ಹೆಚ್ಚು ಅಂಕ ತೆಗೆಯಲಾರರೇ? 60 ಎಂಬ ಸಂಖ್ಯೆ ಹೇಗೆ ಬಂತು, ಲೆಕ್ಕ ಹಾಕಿದ್ದೋ ಅಥವಾ ಆ ಪಾಳಿಯಲ್ಲಿ ಸಿಕ್ಕಿದವರು ಅಷ್ಟೋ? ಪ್ರಶ್ನೆಗಳನ್ನು ತಯಾರಿಸಿದ್ದು ಯಾರು, ಅವು ನಿಜವಾಗಿ ಬೆಡ್‌ಸೋರ್ ಜ್ಞಾನವನ್ನೇ ಅಳೆಯುತ್ತವೆ ಎಂಬುದಕ್ಕೆ ಆಧಾರ ಏನು? ನರ್ಸ್‌ಗಳು ಇಲ್ಲ ಎನ್ನಬಹುದಾದ ಸ್ಥಿತಿಯಲ್ಲಿ ಇದ್ದರೋ, ನರ್ಸಿಂಗ್ ಸೂಪರಿಂಟೆಂಡೆಂಟ್ ಹೇಳಿದ್ದಕ್ಕೆ ಸಹಿ ಹಾಕಿದರೋ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಚುರುಕಾದದ್ದು: ಅಂಕ ಏರಿತು ಸರಿ, ವಾರ್ಡಿನಲ್ಲಿ ರೋಗಿಗಳ ಬೆನ್ನಿನ ಹುಣ್ಣು ಕಡಿಮೆಯಾಯಿತೇ? ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು ಎಂಬುದು ನರ್ಸ್‌ಗೆ ಗೊತ್ತಿಲ್ಲದ್ದು ಅಪರೂಪ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇದ್ದಾಗ ಯಾರ ಮಗ್ಗಲು ಬದಲಿಸುವುದು ಎಂಬುದು ಸಮಸ್ಯೆ.

ಈ ಪ್ರಶ್ನೆಗಳು ಕೇಳಲು ಕಹಿ. ಆದರೆ ಇವನ್ನು ಕೇಳುವವರು ಇದ್ದರೆ ಮುಂದಿನ ಬ್ಯಾಚಿನವರು ಅದೇ ಎಸ್‌ಟಿಪಿಗೆ ಬೇರೆ ಕಾಯಿಲೆಯ ಹೆಸರು ಹಾಕಿ ಬರೆಯುವುದು ಕಡಿಮೆಯಾಗುತ್ತದೆ. ದುಡ್ಡು ಕೊಟ್ಟ ಜರ್ನಲ್ ಈ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ‘ಅಭಿನಂದನೆಗಳು, ತಮ್ಮ ಲೇಖನ ಅತ್ಯುತ್ತಮವಾಗಿದೆ’ ಎಂದು ಬರೆದು ಕ್ಯೂಆರ್ ಕೋಡ್ ಕಳಿಸುತ್ತದೆ. ನಷ್ಟ ಎರಡು ಸಾವಿರ ರೂಪಾಯಿ ಮಾತ್ರ ಅಲ್ಲ. ನಿಮ್ಮ ಒಂದು ವರ್ಷದ ಕೆಲಸಕ್ಕೆ ಯಾರೂ ಸರಿಯಾಗಿ ಬೈಯಲೂ ಇಲ್ಲ. ಮುಂದೆ ಅದನ್ನೇ ಒಳ್ಳೆಯ ಜರ್ನಲ್‌ಗೆ ಕಳಿಸುವ ಹಾಗೂ ಇಲ್ಲ. ಒಮ್ಮೆ ಪ್ರಕಟವಾದದ್ದನ್ನು ಇನ್ನೊಮ್ಮೆ ಪ್ರಕಟಿಸುವುದು ತಪ್ಪು. ವಾಪಸ್ ತೆಗೆಯಿರಿ ಎಂದರೆ ಅದಕ್ಕೂ ಬೇರೆ ಶುಲ್ಕ ಕೇಳುವ ಪುಣ್ಯಾತ್ಮರಿದ್ದಾರೆ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಮೆರಿಲಿನ್ ಓರ್ಮನ್ ಮತ್ತು ಸಂಗಡಿಗರು 2016ರಲ್ಲಿ ‘ಜರ್ನಲ್ ಆಫ್ ನರ್ಸಿಂಗ್ ಸ್ಕಾಲರ್‌ಶಿಪ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರ್ಸಿಂಗ್ ಹೆಸರಿನ 140 ಸುಲಿಗೆಕೋರ ಜರ್ನಲ್‌ಗಳು, ಅವುಗಳ ಹಿಂದೆ 75 ಪ್ರಕಾಶಕರು ಇರುವುದು ಕಂಡುಬಂತು. ಹೆಚ್ಚಿನವು ಹುಟ್ಟಿ ಒಂದೆರಡು ವರ್ಷವಷ್ಟೇ ಆಗಿತ್ತು. ಹೈದರಾಬಾದಿನ ಓಮಿಕ್ಸ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮೊಕದ್ದಮೆ ಹೂಡಿತ್ತು. ಪೀರ್ ರಿವ್ಯೂ ಬಗ್ಗೆ ಲೇಖಕರನ್ನು ದಾರಿ ತಪ್ಪಿಸಿದ್ದು ಆರೋಪಗಳಲ್ಲಿ ಒಂದು. 2019ರಲ್ಲಿ ಅಲ್ಲಿನ ನ್ಯಾಯಾಲಯ 5 ಕೋಟಿ ಡಾಲರ್‌ಗೂ ಹೆಚ್ಚು ಹಣ ಕಟ್ಟುವಂತೆ ಆದೇಶಿಸಿತು.

2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹನನ್ ಎಂಬ ಪತ್ರಕರ್ತ ಒಂದು ಕುಟುಕು ಕಾರ್ಯಾಚರಣೆ ಮಾಡಿದ. ಬೇಕೆಂದೇ ಢಾಳಾದ ತಪ್ಪುಗಳನ್ನಿಟ್ಟು ಬರೆದ ನಕಲಿ ಕ್ಯಾನ್ಸರ್ ಔಷಧದ ಲೇಖನವನ್ನು 304 ಓಪನ್ ಆ್ಯಕ್ಸೆಸ್ ಜರ್ನಲ್‌ಗಳಿಗೆ ಕಳಿಸಿದ. 157 ಒಪ್ಪಿಕೊಂಡವು, 98 ತಿರಸ್ಕರಿಸಿದವು. ಒಪ್ಪಿಕೊಂಡವುಗಳಲ್ಲಿ ಭಾರತದಲ್ಲಿ ನೆಲೆ ಇದ್ದ ಜರ್ನಲ್‌ಗಳ ಪಾಲು ದೊಡ್ಡದು. ತಮಾಷೆ ಎಂದರೆ, ಚಂದಾ ಆಧಾರದ ಜರ್ನಲ್‌ಗಳಿಗೆ ಅದನ್ನು ಕಳಿಸಲೇ ಇಲ್ಲವಲ್ಲ, ಹೋಲಿಕೆಯ ಗುಂಪೇ ಇಲ್ಲವಲ್ಲ ಎಂಬ ಟೀಕೆ ಈ ಕಾರ್ಯಾಚರಣೆಯ ಮೇಲೂ ಬಂತು. ನಮ್ಮ ಎಸ್‌ಟಿಪಿಗೆ ಕೇಳಿದ ಪ್ರಶ್ನೆಯೇ!

ಹಾಗಾದರೆ ಯುಜಿಸಿ ಪಟ್ಟಿ ಇದ್ದಾಗ ನಾವು ಕ್ಷೇಮವಾಗಿದ್ದೆವೇ? ಇಲ್ಲ. ಕೇರ್‌ಗೂ ಹಿಂದಿನ ‘ಯುಜಿಸಿ ಅನುಮೋದಿತ ಪಟ್ಟಿ’ಯ ಬಗ್ಗೆ ಪುಣೆಯ ಭೂಷಣ್ ಪಟವರ್ಧನ್ ಮತ್ತಿತರರು ಮಾಡಿದ ವಿಶ್ಲೇಷಣೆ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ನಲ್ಲಿ 2018ರ ಮಾರ್ಚ್‌ನಲ್ಲಿ ಬಂತು. ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಸೇರಿಸಿದ್ದ ಜರ್ನಲ್‌ಗಳಲ್ಲಿ ಅವರು ಪರಿಶೀಲಿಸಿದ ಮಾದರಿಯ ಶೇ 88ಕ್ಕೂ ಹೆಚ್ಚು ಕಳಪೆ ಇರಬಹುದು ಎಂಬುದು ಅವರ ತೀರ್ಮಾನ. ಅದಾದ ಮೇಲೆ ಮೇ ತಿಂಗಳಲ್ಲಿ ಯುಜಿಸಿ 4,305 ಹೆಸರುಗಳನ್ನು ಕಿತ್ತುಹಾಕಿತು. 2019ರಲ್ಲಿ ಕೇರ್ ಪಟ್ಟಿ ಬಂತು. ಆಗ ಹೆಸರಾಂತ ಜರ್ನಲ್‌ಗಳ ಹೆಸರು, ಐಎಸ್‌ಎಸ್‌ಎನ್ ಸಂಖ್ಯೆಯನ್ನೇ ಕದ್ದು ನಕಲಿ ವೆಬ್‌ಸೈಟ್ ತೆರೆಯುವವರು ಹುಟ್ಟಿಕೊಂಡರು. ಪಟ್ಟಿ ಇದ್ದರೆ ಪಟ್ಟಿಯನ್ನೇ ಮೋಸ ಮಾಡುತ್ತಾರೆ. ಹಾಗಾಗಿ ಪಟ್ಟಿ ರದ್ದಾದುದಕ್ಕೆ ನನಗೆ ದುಃಖವಿಲ್ಲ. ನನ್ನ ತಕರಾರು ಬೇರೆ. ಅಂದು ಕಳಪೆ ಜರ್ನಲ್‌ಗಳನ್ನು ಶಿಫಾರಸು ಮಾಡಿದ್ದ ವ್ಯವಸ್ಥೆಯ ಕೈಗೇ ಇಂದು ಒಳ್ಳೆಯದನ್ನು ಆರಿಸುವ ಹೊಣೆ ವಾಪಸ್ ಹೋಗಿದೆ. ಕಾಲೇಜು ಅದನ್ನು ಗೈಡ್‌ಗೆ ದಾಟಿಸುತ್ತದೆ, ಗೈಡ್ ನಮಗೆ ದಾಟಿಸುತ್ತಾರೆ. ಕೊನೆಗೆ ನಿರ್ಧಾರ ಆಗುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ.

ಒಂದು ವಿಷಯಕ್ಕೆ ಯುಜಿಸಿಯನ್ನು ಮೆಚ್ಚಬೇಕು. ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮುನ್ನ ಪೇಪರ್ ಪ್ರಕಟಿಸಲೇಬೇಕು ಎಂಬ ನಿಯಮವನ್ನು 2022ರ ನವೆಂಬರ್‌ನಲ್ಲಿ ತೆಗೆದುಹಾಕಿತು. ಕಡ್ಡಾಯ ಇದ್ದಲ್ಲಿ ಕಳ್ಳ ಮಾರುಕಟ್ಟೆ ಬೆಳೆಯುತ್ತದೆ ಎಂಬುದು ಕೊನೆಗೂ ಅರ್ಥವಾಗಿದೆ.

ನಮ್ಮ ಹನುಮಂತನಗರದ ಕಡೆ ಸಂಜೆ ಬಂದರೆ ನೋಡಬಹುದು, 50 ಅಡಿ ರಸ್ತೆಯ ಜೆರಾಕ್ಸ್ ಅಂಗಡಿಗಳಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್‌ಗೆ ಕಾಯುವ ಹುಡುಗ ಹುಡುಗಿಯರು. ಎಂಜಿನಿಯರಿಂಗ್, ಫಾರ್ಮಸಿ, ನರ್ಸಿಂಗ್ ಎಲ್ಲರೂ ಇರುತ್ತಾರೆ. ಇವರಲ್ಲಿ ಎಷ್ಟು ಜನ ಒಂದು ಒಳ್ಳೆಯ ಜರ್ನಲ್‌ನ ಪೂರ್ತಿ ಸಂಚಿಕೆ ಓದಿರಬಹುದು? ಓದದಿರುವುದಕ್ಕೆ ಸೋಮಾರಿತನ ಮಾತ್ರ ಕಾರಣವಲ್ಲ. 2025ರ ಜನವರಿಯಿಂದ ‘ಒಂದು ದೇಶ, ಒಂದು ಚಂದಾ’ ಯೋಜನೆ ಶುರುವಾಗಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಆದರೆ ಅದು ಸರ್ಕಾರಿ ಸಂಸ್ಥೆಗಳಿಗೆ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಬಹುಪಾಲು ಖಾಸಗಿ. ಅವುಗಳ ವಿದ್ಯಾರ್ಥಿಗಳಿಗೆ ಇರುವ ದಾರಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಡಿಜಿಟಲ್ ಗ್ರಂಥಾಲಯ. ನಿಮ್ಮ ಕಾಲೇಜು ಅದರ ಸದಸ್ಯನೇ, ಲಾಗಿನ್ ಯಾರ ಹತ್ತಿರ ಇದೆ ಎಂದು ಗ್ರಂಥಪಾಲಕರನ್ನು ಕೇಳಿ. ಬೀಗದ ಕೈ ಬೀರುವಿನಲ್ಲಿದ್ದರೂ ಇರಬಹುದು.

ಜರ್ನಲ್ ಅಸಲಿಯೋ ನಕಲಿಯೋ ಪತ್ತೆ ಮಾಡುವುದು ಹೇಗೆ? ಶುಲ್ಕ ಕೇಳಿದ ಕೂಡಲೇ ಕಳ್ಳ ಜರ್ನಲ್ ಎನ್ನುವಂತಿಲ್ಲ. ಒಳ್ಳೆಯ ಓಪನ್ ಆ್ಯಕ್ಸೆಸ್ ಜರ್ನಲ್‌ಗಳ ಶುಲ್ಕ ಲಕ್ಷ ರೂಪಾಯಿ ದಾಟುವುದುಂಟು, ಚಂದಾ ಆಧಾರದ ಎಷ್ಟೋ ಜರ್ನಲ್‌ಗಳಲ್ಲಿ ಲೇಖಕರಿಗೆ ಶುಲ್ಕವೇ ಇಲ್ಲ. ನೋಡಬೇಕಾದ್ದು ಓದುವ ಮುನ್ನವೇ ಒಪ್ಪಿಗೆಯ ಭರವಸೆ ಕೊಡುತ್ತಾರೆಯೇ ಎಂದು. ಪ್ರಕಟವಾದ ಲೇಖನಗಳ ಮೇಲೆ ‘ಸ್ವೀಕರಿಸಿದ ದಿನ, ತಿದ್ದಿದ ದಿನ, ಒಪ್ಪಿದ ದಿನ’ ಎಂದು ಮೂರು ದಿನಾಂಕ ಇದ್ದರೆ ಅವುಗಳ ನಡುವಿನ ಅಂತರ ನೋಡಿ. ಸಂಪಾದಕ ಮಂಡಳಿಯಲ್ಲಿ ಇರುವವರ ಹೆಸರನ್ನು ಅವರ ಕಾಲೇಜಿನ ವೆಬ್‌ಸೈಟಿನಲ್ಲಿ ಹುಡುಕಿ. ತಮ್ಮ ಹೆಸರು ಅಲ್ಲಿರುವುದು ಅವರಿಗೇ ಗೊತ್ತಿಲ್ಲದ ಪ್ರಸಂಗಗಳಿವೆ. ನರ್ಸಿಂಗ್ ಜರ್ನಲ್‌ನಲ್ಲಿ ಸಕ್ಕರೆ ಕಾರ್ಖಾನೆಯ ಬಗ್ಗೆ, ಕಂಪ್ಯೂಟರ್ ನೆಟ್‌ವರ್ಕ್ ಬಗ್ಗೆ ಲೇಖನ ಇದ್ದರೆ ಇನ್ನೇನೂ ನೋಡಬೇಕಿಲ್ಲ. ‘ಥಿಂಕ್, ಚೆಕ್, ಸಬ್ಮಿಟ್’ ಎಂಬ ಉಚಿತ ಜಾಲತಾಣದಲ್ಲಿ ಇಂಥ ಪ್ರಶ್ನೆಗಳ ಪಟ್ಟಿಯೇ ಇದೆ. ಹತ್ತಿರದಲ್ಲೂ ಹುಡುಕಬಹುದು: ರಾಜೀವ್ ಗಾಂಧಿ ವಿಶ್ವವಿದ್ಯಾಲಯದ್ದೇ ನರ್ಸಿಂಗ್ ಜರ್ನಲ್ ಇದೆ, ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘ 1910ರಿಂದ ‘ನರ್ಸಿಂಗ್ ಜರ್ನಲ್ ಆಫ್ ಇಂಡಿಯಾ’ ತರುತ್ತಿದೆ, ಮನೋವೈದ್ಯಕೀಯ ನರ್ಸಿಂಗ್‌ಗೆ ಅದರದೇ ಸಂಘದ ಜರ್ನಲ್ ಇದೆ. ಇವನ್ನೂ ಅದೇ ಅಳತೆಗೋಲಿನಿಂದ ನೋಡಿಯೇ ಕಳಿಸಿ.

ಅಸಲಿ ಪೀರ್ ರಿವ್ಯೂ ಕೂಡ ದೇವರ ತೀರ್ಪಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಆ್ಯಂಡ್ರೂ ವೇಕ್‌ಫೀಲ್ಡ್ ಲೇಖನ 1998ರಲ್ಲಿ ‘ಲ್ಯಾನ್ಸೆಟ್’ನಂಥ ಜರ್ನಲ್‌ನಲ್ಲೇ ಬಂದಿತ್ತು. ವಾಪಸ್ ಪಡೆಯಲು 2010 ಆಗಬೇಕಾಯಿತು. ಅಷ್ಟರಲ್ಲಿ ಲಸಿಕೆಗೆ ಹೆದರುವ ತಂದೆತಾಯಂದಿರ ಒಂದು ಪೀಳಿಗೆಯೇ ತಯಾರಾಗಿತ್ತು. ಸುಳ್ಳು ದತ್ತಾಂಶ ಕೊಟ್ಟರೆ ರಿವ್ಯೂವರ್ ಪತ್ತೆ ಹಚ್ಚುವುದು ಕಷ್ಟ, ಅವರು ವಾರ್ಡಿಗೆ ಬಂದು ನೋಡುವುದಿಲ್ಲವಲ್ಲ. ಚಿಕ್ಕ ಕ್ಷೇತ್ರದಲ್ಲಿ ಹೆಸರು ಮುಚ್ಚಿದರೂ ‘ಇದು ಇಂಥ ಕಾಲೇಜಿನ ಇಂಥ ಮೇಡಂ ತಂಡದ್ದೇ’ ಎಂದು ಊಹಿಸಬಹುದು. ಇಂಗ್ಲಿಷ್ ಸೊಗಸಿಲ್ಲ ಎಂಬ ಕಾರಣಕ್ಕೆ ಒಳ್ಳೆಯ ಕೆಲಸವನ್ನೂ ಬದಿಗಿಡುವವರಿದ್ದಾರೆ. ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರಿಗೆ ಇದು ಚುಚ್ಚುತ್ತದೆ. ಈಗ ಹೊಸ ಕಾಟ ಎಐ. 2025ರ ಜುಲೈನಲ್ಲಿ ಜಪಾನಿನ ‘ನಿಕ್ಕೇ’ ಒಂದು ವರದಿ ಮಾಡಿತು: ಎಂಟು ದೇಶಗಳ 14 ಸಂಸ್ಥೆಗಳಿಂದ ಬಂದ 17 ಲೇಖನಗಳಲ್ಲಿ ಕಣ್ಣಿಗೆ ಕಾಣದಂತೆ ‘ಒಳ್ಳೆಯ ಅಭಿಪ್ರಾಯ ಮಾತ್ರ ಬರೆ’ ಎಂಬ ಆದೇಶವನ್ನು ಅಡಗಿಸಿಟ್ಟಿದ್ದರು. ರಿವ್ಯೂವರ್ ತಾನು ಓದದೆ ಎಐಗೆ ಕೊಟ್ಟರೆ ಅದು ಹೊಗಳಲಿ ಎಂದು. ಓದುವವರೂ ಕಳ್ಳರು, ಬರೆದವರೂ ಕಳ್ಳರು.

ಇಷ್ಟಾದರೂ ಈ ಸುದೀರ್ಘ, ಸಂಬಳವಿಲ್ಲದ, ಕಿರಿಕಿರಿಯ ವ್ಯವಸ್ಥೆ ನರ್ಸ್‌ಗಳಿಗೆ ಏಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2002ರಲ್ಲಿ ಲಿಂಡಾ ಐಕೆನ್ ಎಂಬ ನರ್ಸಿಂಗ್ ಸಂಶೋಧಕಿ ಮತ್ತು ತಂಡ ‘ಜಾಮಾ’ ಜರ್ನಲ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ಮುಂದಿಟ್ಟರು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಾಗಲೂ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ಅಧ್ಯಯನವೂ ‘ಲ್ಯಾನ್ಸೆಟ್’ನಲ್ಲಿ ಅದೇ ಶೇ 7 ಎಂದಿತು. ದೊಡ್ಡ ಆಸ್ಪತ್ರೆಗೆ ಹೆಚ್ಚು ಕಾಯಿಲೆಯವರು ಬರುತ್ತಾರಲ್ಲ, ಅದಕ್ಕೇ ಸಾವು ಹೆಚ್ಚಿರಬಹುದಲ್ಲ ಎಂಬಂಥ ಪ್ರಶ್ನೆಗೆಲ್ಲ ಲೆಕ್ಕದಲ್ಲೇ ಉತ್ತರ ಇತ್ತು. ಕ್ಯಾಲಿಫೋರ್ನಿಯಾದ ನರ್ಸ್–ರೋಗಿ ಅನುಪಾತದ ಕಾನೂನು 2004ರಲ್ಲಿ ಜಾರಿಯಾಯಿತು, 2016ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕೂಡ ಅಂಥದ್ದು ತಂದಿತು. ಎಲ್ಲೆಡೆ ಆ ವಾದದ ಬೆನ್ನಿಗೆ ನಿಂತದ್ದು ಇಂಥ ಪೇಪರ್‌ಗಳು. ‘ನಮಗೆ ಕೆಲಸ ಜಾಸ್ತಿ’ ಎಂದು ನರ್ಸ್‌ಗಳು ಧರಣಿ ಕೂತರೆ ಅದು ಬೇಡಿಕೆ. ಅದನ್ನೇ ಅಪರಿಚಿತರು ಕೆದಕಿ ಕೆದಕಿ ನೋಡಿದ ಮೇಲೂ ಉಳಿದುಕೊಂಡ ಸಂಖ್ಯೆಯಾಗಿ ಹೇಳಿದರೆ ಆರೋಗ್ಯ ಇಲಾಖೆ ಸುಲಭಕ್ಕೆ ತಳ್ಳಿಹಾಕಲಾಗದು.

ವಿಕ್ಟೋರಿಯಾ, ವಾಣಿವಿಲಾಸ, ಮಲ್ಲೇಶ್ವರದ ಕೆ.ಸಿ. ಜನರಲ್, ಇವೆಲ್ಲ ನಮ್ಮ ಕ್ಲಿನಿಕಲ್ ಪೋಸ್ಟಿಂಗ್‌ನ ಬಸ್ ದೂರದಲ್ಲಿವೆ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ಹಾಸಿಗೆ, ಅದೇ ವಾರ್ಡಿನಲ್ಲಿ ಆ ತಿಂಗಳು ಎಷ್ಟು ಜನರಿಗೆ ಹೊಸದಾಗಿ ಬೆಡ್‌ಸೋರ್ ಆಯಿತು ಎಂಬುದನ್ನು ಪಕ್ಕಪಕ್ಕ ಇಟ್ಟು ನೋಡಲು ಬಿ.ಎಸ್ಸಿ.ಯ ಐದು ಜನರ ಪ್ರಾಜೆಕ್ಟ್ ಗುಂಪಿಗೂ ಸಾಧ್ಯ. ಬೇಕಾಗುವುದು ಆಸ್ಪತ್ರೆಯ ಅನುಮತಿ, ಎಥಿಕ್ಸ್ ಕಮಿಟಿಯ ಪತ್ರ, ಆರು ತಿಂಗಳ ಡ್ಯೂಟಿ ರೋಸ್ಟರ್ ಮತ್ತು ವಾರ್ಡ್ ರಿಜಿಸ್ಟರ್, ಅಂಕಿಅಂಶ ಗೊತ್ತಿರುವ ಒಬ್ಬರು ಮೇಷ್ಟ್ರು. ಆಮೇಲೆ ಜರ್ನಲ್‌ನ ಉತ್ತರಕ್ಕೆ ಇನ್ನೊಂದು ಆರೆಂಟು ತಿಂಗಳು ಕಾಯಬೇಕು. ಆ ಹೊತ್ತಿಗೆ ಕೋರ್ಸ್ ಮುಗಿದಿರುತ್ತದೆ. ಹಾಗಾಗಿ ಲೇಖನ ಕಳಿಸುವಾಗ ಕಾಲೇಜಿನ ಇಮೇಲ್ ಅಲ್ಲ, ನಿಮ್ಮ ಸ್ವಂತದ್ದನ್ನೇ ಕೊಡಿ. ರಿವ್ಯೂವರ್‌ಗಳ ಟಿಪ್ಪಣಿ ಬರುವುದು ಅದಕ್ಕೆ.